ಪುಂಡಿ ನಾರಿನ ಬ್ರಶ್

ಇವತ್ತು ಸ್ಟುಡಿಯೋಗೆ ಬಂದ ಹೊಸ ಹುಡುಗಿ ಕಂಪ್ಯೂಟರ್ ಆನ್ ಮಾಡೋ ಮೊದಲು ಬ್ಯಾಗಿಂದ ಪುಂಡಿ ನಾರಿನ ಬ್ರಶ್ ತೆಗೆದಳು. ಶಿವಮೊಗ್ಗ ಜಿಲ್ಲೆ ಸಾಗರದ ಕಡೆಯವಳು. ಮನೇಲಿ ಹಸೆ ಚಿತ್ತಾರ ಬರೀತಾರಂತೆ, ಅಲ್ಲಿನ ದೀವರ ಸಮುದಾಯದವರು ಗೋಡೆ ಮೇಲೆ ಬರೆಯೋ ಗೆರೆ ಚಿತ್ರ.

ಪೇಪರ್ ಹಾಸಿ ಗೆರೆ ಎಳೆಯೋಕೆ ಶುರು. ಬರೀ ಗೆರೆ.
ನಾರನ್ನ ಬಣ್ಣಕ್ಕೆ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಉಸಿರು ಹಿಡಿದು ಒಂದೇ ಸಲ ಎಳೀತಾಳೆ. ನಡುವೆ ಕೈ ನಿಂತ್ರೆ ಅಲ್ಲೊಂದು ಗಂಟು ಕಾಣುತ್ತೆ. ಆ ಗಂಟು ಕಂಡ್ರೆ ಪಕ್ಕದಲ್ಲೇ ಇನ್ನೊಂದು ಗೆರೆ.

ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಕಪ್ಪಾಗೋವರೆಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಇಷ್ಟರಲ್ಲೇ ದೀವರ ಮನೆ ಗೋಡೆ ತುಂಬಿಬಿಡುತ್ತೆ! ಎಂಥಾ ಕಣ್ಣು ಅವರದ್ದು.

'ಬೆಂಗಳೂರಿಗೆ ಹೋದ್ರೇನೇ ಬೆಳೆಯೋದಾ ಸರ್?' ಅಂತ ಹುಡುಗರು ಕೇಳ್ತಿರ್ತಾರೆ. ಹೋಗಿ, ಖಂಡಿತ ಹೋಗಿ. ಆದ್ರೆ ಪೋರ್ಟ್‌ಫೋಲಿಯೋದಲ್ಲಿ ನಾನು ಮೊದಲು ಹುಡುಕೋದು ಯಾರೂ ಕೇಳದೇ ಇದ್ದಾಗ ಮಾಡಿದ ಕೆಲಸವನ್ನ. ಸಂಬಳ ಹೆಚ್ಚಿಸುವಾಗಲೂ ಅದನ್ನೇ ನೋಡ್ತೀನಿ.

ಸೋಮವಾರದಿಂದ ಬೆಳಗ್ಗೆ ಅರ್ಧ ಗಂಟೆ ಎಲ್ಲರ ಸಿಸ್ಟಮ್ ಆಫ್. ಪೆನ್ಸಿಲ್, ಬ್ರಶ್, ಏನಾದ್ರೂ ಸರಿ.
ಸೊರಬ, ಸಾಗರದ ಕಡೆ ಚಿತ್ತಾರ ಕಲಿಸೋ ಹಿರಿಯರು ಗೊತ್ತಿದ್ರೆ ಹೇಳಿ. ಸಂಭಾವನೆ ಕೊಟ್ಟೇ ಕರೆಸ್ತೀವಿ.