ವರ್ಟ್‌ನ ಗಸಿ ಮತ್ತು ತಿಳಿ

ಪುಣೆಯ ಕನ್ನಡ ಗೆಳೆಯರೊಬ್ಬರು ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ (ಮೊಳಕೆ ಬರಿಸಿದ ಧಾನ್ಯದ ಗಟ್ಟಿ ಸಾರ) ಮನೆಯಲ್ಲಿ ಬಿಯರ್ ತಯಾರಿಸುವಾಗ, ಕುದಿಸಿದ ವರ್ಟ್, ಅಂದರೆ ಇನ್ನೂ ಹುದುಗದ ಸಿಹಿ ಮಾಲ್ಟ್ ದ್ರವ, ತಣ್ಣಗಾಗುತ್ತಿದ್ದಂತೆ ಅದರಲ್ಲಿ ಒಡೆದ ಹಾಲಿನಂತಹ ಚೂರುಗಳು ತೇಲಾಡುವುದನ್ನು ಕಂಡು ಗಾಬರಿಯಾದರು. ಅದು ಕೆಟ್ಟ ಲಕ್ಷಣವಲ್ಲ. ಕುದಿಯಲ್ಲಿಯೂ ಬಳಿಕ ತಂಪಿನಲ್ಲಿಯೂ ಗಟ್ಟಿಯಾದ ಪ್ರೋಟೀನು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಟ್ಯಾನಿನ್ ಎಂಬ ಒಗರು ಅಂಶದೊಂದಿಗೆ ಕೂಡಿ ಗಸಿಯಾಗಿ ಇಳಿಯುತ್ತಿದೆ ಎಂದರ್ಥ. ಕುದಿ ಮುಗಿಯಲು 10–15 ನಿಮಿಷವಿರುವಾಗ ಐರಿಷ್ ಮಾಸ್ ಎಂಬ ಕಡಲಪಾಚಿಯನ್ನು ಹಾಕಿದರೆ, ಅದರಲ್ಲಿರುವ ಕ್ಯಾರಗೀನನ್ ಪ್ರೋಟೀನನ್ನು ಹಿಡಿದು ಅಡಿಗಿಳಿಸುತ್ತದೆ. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೇಗ ತಣಿಸುವುದು: ಮೇ ತಿಂಗಳಲ್ಲಿ ಇಲ್ಲಿನ ನಲ್ಲಿನೀರೊಂದೇ ಸಾಲದು, ಪಾತ್ರೆಯನ್ನು ಐಸ್ ತುಂಬಿದ ಟಬ್ಬಿನಲ್ಲಿಡಬೇಕು. ಆಮೇಲೆ ಅಲುಗಾಡಿಸದೆ ತಿಳಿಯನ್ನು ಬಸಿದುಕೊಳ್ಳಿ. ತುಸು ಗಸಿ ಜೊತೆಗೆ ಹೋದರೂ ಚಿಂತೆಯಿಲ್ಲ, ಅದರ ಕೊಬ್ಬಿನಂಶ ಯೀಸ್ಟಿನ ಬೆಳವಣಿಗೆಗೆ ಒದಗುತ್ತದೆ.