ಇರಾನಿನ ಲೇಖಕಿಯರು ಬರೆಯೋದೆಲ್ಲ ಹಿಜಾಬಿನ ಬಗ್ಗೆಯೇನಾ?

ನಾನು ಇರಾನಿನ ಕಾದಂಬರಿಗಳನ್ನು ಓದುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ: “ಅಲ್ಲಿನ ಹೆಂಗಸರು ಬರೆಯೋದೆಲ್ಲ ಹಿಜಾಬು, ಮುಲ್ಲಾಗಳ ಬಗ್ಗೆ ತಾನೆ?” ಕೇಳುವವರ ಮೇಲೆ ನನಗೆ ಬೇಸರವಿಲ್ಲ. ಇರಾನಿನ ಸುದ್ದಿ ನಮ್ಮವರೆಗೆ ತಲುಪುವುದೇ ಹಾಗೆ.

ನನ್ನ ಉತ್ತರ, ಅಲ್ಲ. ಹಾಗಂತ ಆ ಹೋರಾಟ ಸಣ್ಣದೆಂದು ಯಾರೂ ತಿಳಿಯಬಾರದು. 1936ರಲ್ಲಿ ಇರಾನಿನ ದೊರೆ ರೆಜಾ ಷಾ ಪೊಲೀಸರನ್ನು ಬಿಟ್ಟು ಹೆಂಗಸರು ತಲೆಯಿಂದ ಕಾಲವರೆಗೆ ಹೊದೆಯುವ ಚಾದರ ಕೀಳಿಸಿದ. 1979ರ ಕ್ರಾಂತಿಯ ನಂತರ ಬಂದವರು ಕಾನೂನು ಮಾಡಿ ಮತ್ತೆ ಹೊದಿಸಿದರು. ಎರಡೂ ಸಲ ಯಾರೂ ಹೆಣ್ಣನ್ನು ಕೇಳಲಿಲ್ಲ. 2022ರಲ್ಲಿ ಹಿಜಾಬು ಸರಿಯಾಗಿ ಧರಿಸಿಲ್ಲವೆಂದು ಹಿಡಿದೊಯ್ದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಸತ್ತ ಮೇಲೆ ಬೀದಿಗಿಳಿದ ಹುಡುಗಿಯರು ಎಂಥ ಬೆಲೆ ತೆತ್ತರೆಂಬುದನ್ನು ಇಡೀ ಜಗತ್ತು ನೋಡಿದೆ. ಆದರೆ ನಾನು ಪ್ರೀತಿಸುವ ಕಾದಂಬರಿಗಳಲ್ಲಿ ಹೆಣ್ಣು ಮೊದಲು ಎದುರು ನಿಲ್ಲಬೇಕಾಗಿ ಬರುವುದು ಮನೆಯೊಳಗಿನವನಿಗೆ. ಅವನು ಕೆಟ್ಟವನೂ ಅಲ್ಲ. ಎಷ್ಟೋ ಸಲ ಅವಳನ್ನು ಪ್ರೀತಿಸುವವನು, ಹೊರಗೆ ನ್ಯಾಯಕ್ಕಾಗಿ ಜೀವ ಪಣಕ್ಕಿಟ್ಟವನು.

ಸಿಮೀನ್ ದಾನೇಶ್ವರ್ ಅವರ ‘ಸವುಷೂನ್’ ತೆಗೆದುಕೊಳ್ಳಿ. 1969ರಲ್ಲಿ ಬಂತು. ಇರಾನಿನ ಹೆಣ್ಣೊಬ್ಬಳು ಪ್ರಕಟಿಸಿದ ಮೊದಲ ಕಾದಂಬರಿ ಅಂತ ಅದಕ್ಕೆ ಹೆಸರು. ಎರಡನೇ ಮಹಾಯುದ್ಧದ ಕಾಲದ ಶಿರಾಜ್. ಊರು ಬ್ರಿಟಿಷ್ ಸೈನ್ಯದ ಹಿಡಿತದಲ್ಲಿದೆ, ಜನಕ್ಕೆ ತಿನ್ನಲು ರೊಟ್ಟಿಯಿಲ್ಲ. ಕಥೆ ತೆರೆಯುವುದು ಗವರ್ನರನ ಮಗಳ ಮದುವೆಯಲ್ಲಿ. ಅಲ್ಲಿ ಅಲಂಕಾರಕ್ಕೆಂದೇ ಒಂದು ಭಾರೀ ರೊಟ್ಟಿ ಸುಟ್ಟು ಇಟ್ಟಿದ್ದಾರೆ. ಯೂಸುಫ್ ಅದನ್ನು ನೋಡಿ ಕೆಂಡವಾಗುತ್ತಾನೆ. ಅವನು ಜಮೀನ್ದಾರ, ಆದರೆ ತನ್ನ ರೈತರ ಕಾಳನ್ನು ಪರದೇಶದ ಸೈನ್ಯಕ್ಕೆ ಮಾರಲಾರೆ ಎಂದು ಹಟ ಹಿಡಿದವನು. ಪಕ್ಕದಲ್ಲಿರುವ ಹೆಂಡತಿ ಝರಿ ಯಾರಿಗಾದರೂ ಕೇಳಿಸೀತೆಂದು ನಡುಗುತ್ತಾಳೆ.

ಅದೇ ಮದುವೆಮನೆಯಲ್ಲಿ ಅವಳ ಕಿವಿಯ ಪಚ್ಚೆಯ ಓಲೆಯನ್ನು ಮದುಮಗಳಿಗೆ ಒಂದು ರಾತ್ರಿಗೆ ಕೊಡಿ ಅಂತ ಕೇಳುತ್ತಾರೆ. ತೀರಿಹೋದ ಅತ್ತೆಯ ಓಲೆ, ಮದುವೆಯ ರಾತ್ರಿ ಯೂಸುಫ್ ಕೊಟ್ಟಿದ್ದು. ಝರಿಗೆ ಬೇಡವೆನ್ನಲು ಆಗುವುದಿಲ್ಲ. ಓಲೆ ವಾಪಸ್ ಬರುವುದಿಲ್ಲ. ಆಮೇಲೆ ಮಗ ಖುಸ್ರೋನ ಕುದುರೆಯ ಮೇಲೆ ಗವರ್ನರನ ಇನ್ನೊಬ್ಬ ಮಗಳ ಕಣ್ಣು ಬೀಳುತ್ತದೆ. ಅದನ್ನೂ ಝರಿ ಕೊಟ್ಟು, ಕುದುರೆ ಸತ್ತುಹೋಯಿತೆಂದು ಮಗನಿಗೆ ಸುಳ್ಳು ಹೇಳುವುದಕ್ಕೆ ಒಪ್ಪುತ್ತಾಳೆ. ಇದು ತಿಳಿದಾಗ ಯೂಸುಫ್ ಅವಳ ಕೆನ್ನೆಗೆ ಹೊಡೆಯುತ್ತಾನೆ. ಹೇಡಿ ಎನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಆಗ ಝರಿ ಹೇಳುವ ಮಾತಿನ ಸಾರ ಇಷ್ಟು: ನಾನು ಎದುರು ನಿಲ್ಲಬೇಕೆಂದರೆ ಮೊದಲು ನಿನ್ನೆದುರೇ ನಿಲ್ಲಬೇಕು, ನನ್ನ ಧೈರ್ಯ ಕಿತ್ತುಕೊಂಡವನು ನೀನು, ನಿನ್ನ ಜೊತೆ ಹೊಂದಿಕೊಂಡು ಹೊಂದಿಕೊಂಡು ಅದೇ ನನಗೆ ಅಭ್ಯಾಸವಾಗಿಹೋಗಿದೆ.

ಪರ್ಷಿಯನ್ ಸ್ತ್ರೀವಾದಿ ಕಥನ ಅಂದರೇನು ಅಂತ ಕೇಳಿದವರಿಗೆ ನಾನು ತೋರಿಸುವುದು ಈ ಪುಟವನ್ನು. ಯೂಸುಫ್ ಖಳನಾಗಿದ್ದರೆ ಈ ಮಾತಿಗೆ ತೂಕವೇ ಇರುತ್ತಿರಲಿಲ್ಲ. ಓದುಗರೆಲ್ಲ ಮೆಚ್ಚುವ ವೀರ ಅವನು. ಕೊನೆಗೆ ತನ್ನ ಹಟಕ್ಕಾಗಿಯೇ ಕೊಲೆಯಾಗುತ್ತಾನೆ. ಅಂಥವನ ಧೈರ್ಯದ ನೆರಳಲ್ಲಿ ಇನ್ನೊಂದು ಜೀವದ ಧೈರ್ಯ ಬತ್ತಿಹೋಗಿತ್ತು ಅನ್ನುವುದನ್ನು ದಾನೇಶ್ವರ್ ಮುಚ್ಚಿಡುವುದಿಲ್ಲ. ಅವನ ಹೆಣ ಹೊತ್ತ ಮೆರವಣಿಗೆಯನ್ನು ಅಧಿಕಾರಿಗಳು ತಡೆಯಲು ಬಂದಾಗ ಝರಿ ಹಿಂದೆ ಸರಿಯುವುದಿಲ್ಲ. ಆದರೆ ಅವಳು ಬದಲಾದದ್ದು ಗಂಡ ಸತ್ತ ದಿನ ಅಂತ ನಾನು ಒಪ್ಪುವುದಿಲ್ಲ. ಕೆನ್ನೆ ಉರಿಯುತ್ತಿರುವಾಗ ಬಾಯಿಬಿಟ್ಟಳಲ್ಲ, ಆವತ್ತೇ.

ದಾನೇಶ್ವರ್ ಅವರ ಗಂಡ ಜಲಾಲ್ ಆಲೆ ಅಹ್ಮದ್ ಆ ಕಾಲದ ಬಹು ದೊಡ್ಡ ಬುದ್ಧಿಜೀವಿ. ‘ಸವುಷೂನ್’ ಬಂದ ವರ್ಷವೇ ತೀರಿಕೊಂಡರು. ಯೂಸುಫ್ ಅಂದರೆ ಜಲಾಲ್ ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಎಲ್ಲವನ್ನೂ ಗಂಡನಿಗೆ ಗಂಟುಹಾಕಿ ಓದುವ ಚಟದಿಂದ ಈ ಲೇಖಕಿಗೆ ಅನ್ಯಾಯವೇ ಆಗಿದೆ. ಇರಾನಿನ ಲೇಖಕರ ಸಂಘದ ಮೊದಲ ಅಧ್ಯಕ್ಷೆ ಅವರು.

ಜೋಯಾ ಪೀರ್ಜಾದ್ ಅವರ ‘ದೀಪಗಳನ್ನು ನಾನು ಆರಿಸುತ್ತೇನೆ’ (2001, ಇಂಗ್ಲಿಷಿನಲ್ಲಿ ‘Things We Left Unsaid’) ಕಾದಂಬರಿಯಲ್ಲಿ ಕೊಲೆಯಿಲ್ಲ, ಸೈನ್ಯವಿಲ್ಲ. 1960ರ ದಶಕದ ಆಬಾದಾನ್, ತೈಲ ಕಂಪನಿಯ ಕ್ವಾರ್ಟರ್ಸ್, ಅರ್ಮೇನಿಯನ್ ಕ್ರೈಸ್ತ ಗೃಹಿಣಿ ಕ್ಲಾರಿಸ್. ಸ್ಕೂಲ್ ಬಸ್ಸಿನ ಬ್ರೇಕಿನ ಸದ್ದಿನಿಂದ ಕಥೆ ಶುರು. ಅಡುಗೆಮನೆಯ ಗಡಿಯಾರ ನೋಡುವ ಅಗತ್ಯ ಅವಳಿಗಿಲ್ಲ, ನಾಲ್ಕೂಕಾಲು ಆಗಿದೆಯೆಂದು ಗೊತ್ತು. ಇಡೀ ಬದುಕು ಇನ್ನೊಬ್ಬರ ಬರುವಿಕೆ-ಹೋಗುವಿಕೆಯ ಲೆಕ್ಕದಲ್ಲೇ ನಡೆದಿದೆ. ಗಂಡ ಎಡಪಂಥದವನು, ಲೋಕದ ಶೋಷಣೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ಇವಳ ದಣಿವು ಮಾತ್ರ ಅವನಿಗೆ ಕಾಣುವುದಿಲ್ಲ. ಅವನ ಆಫೀಸಿನ ಸೆಕ್ರೆಟರಿ ಹೆಂಗಸರ ಮತದಾನದ ಹಕ್ಕಿಗಾಗಿ ಓಡಾಡುತ್ತಿರುತ್ತಾಳೆ. ಆ ಹಕ್ಕು ಇರಾನಿಗೆ ಬಂದದ್ದು 1963ರಲ್ಲಿ. ಪೀರ್ಜಾದ್ ಇದನ್ನೆಲ್ಲ ಒಂದು ದನಿಯೂ ಏರಿಸದೆ ಹೇಳುತ್ತಾರೆ.

ಪರಿನೂಶ್ ಸನೀಯಿ ಅವರ ‘ಸಹ್ಮೆ ಮನ್’ (ಅಂದರೆ ‘ನನ್ನ ಪಾಲು’, 2003) ಕಲೆಯ ದೃಷ್ಟಿಯಿಂದ ಇವುಗಳ ಸಾಲಿಗೆ ಬರುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತದೆ. ಆದರೂ ಸಾವಿರಾರು ಹೆಂಗಸರು ಅದನ್ನು ಎದೆಗೊತ್ತಿಕೊಂಡು ಓದಿದ್ದಕ್ಕೆ ಕಾರಣವಿದೆ. ಅಣ್ಣಂದಿರ ಮುಷ್ಟಿಯಿಂದ ತಪ್ಪಿಸಿಕೊಂಡ ಮಾಸೂಮೆ ಕ್ರಾಂತಿಕಾರಿ ಗಂಡನಿಗಾಗಿ ಸವೆಯುತ್ತಾಳೆ. ಕೊನೆಗೆ ತಾನೇ ಸಾಕಿ ಬೆಳೆಸಿದ, ಓದಿದ ಮಕ್ಕಳೇ ಅವಳ ಮರುಮದುವೆಗೆ ಅಡ್ಡ ನಿಲ್ಲುತ್ತಾರೆ.

ಶಹರ್‌ನೂಶ್ ಪಾರ್ಸಿಪುರ್ ಮಾತ್ರ ಬೇರೆಯದೇ ದಾರಿ ಹಿಡಿದವರು. ಷಾ ಕಾಲದಲ್ಲೂ ಜೈಲು ಕಂಡರು, ಇಸ್ಲಾಮಿಕ್ ಗಣರಾಜ್ಯದಲ್ಲೂ ಕಂಡರು. 1989ರಲ್ಲಿ ಪ್ರಕಟವಾದ ‘ಗಂಡಸರಿಲ್ಲದ ಹೆಂಗಸರು’ ಪುಸ್ತಕಕ್ಕಾಗಿ ಮತ್ತೆ ಬಂಧನವಾಯಿತು. ಕನ್ಯತ್ವದ ಬಗ್ಗೆ ಬಾಯಿಬಿಟ್ಟು ಬರೆದಿದ್ದೇ ಅಪರಾಧ. ಅದರಲ್ಲಿ ಮೂನಿಸ್ ಎಂಬವಳು ಮೂವತ್ತೆಂಟು ವಯಸ್ಸಿಗೆ ಬಂದಿದ್ದಾಳೆ. ಮರ ಹತ್ತಿದರೆ ಕನ್ಯತ್ವ ಹರಿದುಹೋಗುತ್ತದೆಂಬ ಭಯದಲ್ಲಿ ಬಾಲ್ಯದಲ್ಲಿ ಒಮ್ಮೆಯೂ ಮರ ಹತ್ತಿಲ್ಲ. ತಾನು ನಂಬಿಕೊಂಡು ಬಂದದ್ದು ಸುಳ್ಳೆಂದು ಗೊತ್ತಾದಾಗ ಅವಳಿಗೆ ಬರುವ ಕೋಪ ಯಾವ ಘೋಷಣೆಗೂ ಕಡಿಮೆಯಿಲ್ಲ. ಅಣ್ಣ ಅವಳನ್ನು ಇರಿದು ಕೊಲ್ಲುತ್ತಾನೆ, ಅವಳು ಮಣ್ಣಿನಿಂದ ಎದ್ದು ಬರುತ್ತಾಳೆ. ಮಹ್ದೋಖ್ತ್ ಎಂಬ ಇನ್ನೊಬ್ಬಳು ತನ್ನನ್ನೇ ನೆಲದಲ್ಲಿ ನೆಟ್ಟುಕೊಂಡು ಮರವಾಗುತ್ತಾಳೆ. ತೆಹ್ರಾನ್ ಹತ್ತಿರದ ಕರಜ್‌ನ ತೋಟವೊಂದರಲ್ಲಿ ಕಥೆಯ ಐವರು ಹೆಂಗಸರೂ ಸೇರುತ್ತಾರೆ. ಪಾರ್ಸಿಪುರ್ ಆ ತೋಟವನ್ನು ಸ್ವರ್ಗ ಮಾಡಿ ಕೈತೊಳೆದುಕೊಳ್ಳುವುದಿಲ್ಲ ಅನ್ನುವುದು ನನಗೆ ಬಹಳ ಮುಖ್ಯ. ಅಲ್ಲಿಂದ ಒಬ್ಬೊಬ್ಬರೂ ಚದುರುತ್ತಾರೆ. ಅವರಲ್ಲೊಬ್ಬಳಾದ ಫಾಯಿಜೆ ಹೋಗಿ ಮೂನಿಸಳನ್ನು ಕೊಂದ ಅಣ್ಣನಿಗೇ ಎರಡನೇ ಹೆಂಡತಿಯಾಗುತ್ತಾಳೆ.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೇಳುವ ಎರಡನೇ ಪ್ರಶ್ನೆ, ಯಾವುದರಿಂದ ಶುರು ಮಾಡಲಿ? ಇಂಗ್ಲಿಷಿನಲ್ಲಿ ಓದಬಲ್ಲವರು ‘ಸವುಷೂನ್’ನಿಂದಲೇ ಶುರು ಮಾಡಿ, ಅದಕ್ಕೆ ಎರಡು ಅನುವಾದಗಳಿವೆ. ಹೆಸರುಗಳು ಮೊದಲ ಮೂವತ್ತು ಪುಟ ಗೊಂದಲ ಮಾಡುತ್ತವೆ, ಬಿಡಬೇಡಿ. ಆಮೇಲೆ ಪೀರ್ಜಾದ್. ಪಾರ್ಸಿಪುರ್ ಪುಸ್ತಕ ತೆಳ್ಳಗಿದೆಯೆಂದು ಅದನ್ನೇ ಮೊದಲು ಎತ್ತಿಕೊಳ್ಳುವವರು ಹೆಚ್ಚು; ಝರಿಯ ಮನೆ, ಕ್ಲಾರಿಸಳ ಅಡುಗೆಮನೆ ನೋಡಿಕೊಂಡು ಹೋದರೆ ಒಬ್ಬ ಹೆಣ್ಣು ಮರವಾಗಿಬಿಡಲು ಯಾಕೆ ಬಯಸಿದಳೆಂದು ನಿಮಗೆ ಯಾರೂ ವಿವರಿಸಬೇಕಾಗುವುದಿಲ್ಲ.