ಶವ್ವಾಲ್ 16: ನೆರಳು ಕೊನೆಗೂ ಗೆರೆಗೆ ಬಂತು

ಇವತ್ತು ಏಪ್ರಿಲ್ 15, 2025, ಮಂಗಳವಾರ. ರಂಜಾನ್ ಮುಗಿದ ಮೇಲೆ ಬರುವ ಶವ್ವಾಲ್ ತಿಂಗಳ ಹದಿನಾರನೆಯ ದಿನ. ಮಧ್ಯಾಹ್ನ 12 ಗಂಟೆ 22 ನಿಮಿಷ ದಾಟಿ ಇನ್ನೊಂದು ನಿಮಿಷ ತುಂಬುವಷ್ಟರಲ್ಲಿ, ಕಲಬುರಗಿಯ ನಮ್ಮ ಮಾಳಿಗೆಯ ಮೇಲಿರುವ ಶಹಾಬಾದ್ ಕಲ್ಲಿನ ನೆರಳು ಗಡಿಯಾರದಲ್ಲಿ ಶಂಕುವಿನ, ಅಂದರೆ ನೆಟ್ಟ ಸಲಾಕೆಯ, ನಾಲ್ಕು ಸೆಂಟಿಮೀಟರ್ ನೆರಳು ಉತ್ತರದ ಗೆರೆಯ ಮೇಲೆ ಬಂದು ಮಲಗಿತು. ನೆರಳಿನ ಅಂಚಿನ ಮಸುಕಿಗೆ ಒಂದು ನಿಮಿಷದ ರಿಯಾಯಿತಿ ಕೊಡಿ. ಅದಕ್ಕಿಂತ ಹೆಚ್ಚು ತಪ್ಪಿಲ್ಲ. ಆರು ವಾರ ನನ್ನ ನಿದ್ದೆ ತಿಂದ ದೋಷ ಹೋಯಿತು. ಅಲ್‌ಹಮ್ದುಲಿಲ್ಲಾಹ್.

ಕಲ್ಲು ಉಜ್ಜಿದ್ದು, ಮಟ್ಟ ಕೂರಿಸಿದ್ದು, ಅಸರ್ (ಇಳಿಹೊತ್ತಿನ ನಮಾಜ್) ವಕ್ರರೇಖೆಯ ಬಿಂದುಗಳನ್ನು ಲೆಕ್ಕ ಹಾಕಿದ್ದು ಇವನ್ನೆಲ್ಲ ಬರೆಯುವುದಿಲ್ಲ. ನೆರಳು ಗಡಿಯಾರ ಮಾಡಿದವರಿಗೆ ಅದು ಗೊತ್ತು. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಕಲ್ಲು, ಪಶ್ಚಿಮದ ಅಂಚಿನ ಬಳಿ ನೆಟ್ಟಗೆ ನಿಂತ 30 ಸೆಂಟಿಮೀಟರ್ ಶಂಕು, ಎರಡೇ ಗೆರೆಗಳು: ನಡುಹಗಲಿನದು, ಅಸರ್‌ನದು. ಗಂಟೆಯ ಗೆರೆಗಳು ನನಗೆ ಬೇಕಾಗಿರಲಿಲ್ಲ. ನೆರಳು ನಡುಹಗಲಿನ ಗೆರೆ ದಾಟಿದರೆ ಜುಹರ್, ಅಂದರೆ ಮಧ್ಯಾಹ್ನದ ನಮಾಜಿನ, ಸಮಯ ಶುರು. ಹನಫಿ ಪಂಥದ ಲೆಕ್ಕದಲ್ಲಿ, ನಡುಹಗಲಿನ ನೆರಳನ್ನು ಬಿಟ್ಟು ಶಂಕುವಿನ ಎರಡರಷ್ಟು ನೆರಳು ಚಾಚಿದರೆ ಅಸರ್.

ಇದು ಶುರುವಾದದ್ದು ಒಂದು ಇಫ್ತಾರ್ ಕಾರ್ಡಿನಿಂದ. ರಂಜಾನ್ ಮೊದಲ ವಾರ ಒಂದು ಅಂಗಡಿಯವರು ಹಂಚಿದ ವೇಳಾಪಟ್ಟಿಯನ್ನು ಫ್ರಿಜ್‌ಗೆ ಅಂಟಿಸಿದ್ದೆವು. ಮೂರನೆಯ ದಿನ ನೋಡಿದರೆ ಅದು ಹೈದರಾಬಾದಿನ ಸಮಯ. ಎರಡೂ ಊರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ, ಆದರೆ ನಾವು ಒಂದೂವರೆ ಡಿಗ್ರಿಗಿಂತ ಹೆಚ್ಚು ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಆರು ನಿಮಿಷ ತಡವಾಗಿ ಮುಳುಗುತ್ತಾನೆ. ಸೂರ್ಯ ಇನ್ನೂ ಮೇಲಿರುವಾಗಲೇ ಖರ್ಜೂರ ಬಾಯಿಗಿಟ್ಟರೆ ಇಡೀ ದಿನದ ರೋಜಾ ಹೋಯಿತು. ಪುಣ್ಯಕ್ಕೆ ನಾವು ಮಸೀದಿಯ ಅಜಾನ್ ಕೇಳಿಯೇ ರೋಜಾ ಬಿಡುತ್ತಿದ್ದೆವು. ಆದರೂ ಚಂದದ ಹಸಿರು ಗುಮ್ಮಟದ ಚಿತ್ರ ಹಾಕುವವರಿಗೆ ಊರಿನ ಹೆಸರನ್ನು ಸರಿಯಾಗಿ ಹಾಕಲು ಏನು ಕಷ್ಟ ಎಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಕಲ್ಲು ತರಿಸಿದೆ.

ಆದರೆ ಕಲ್ಲಿನ ನಿಜವಾದ ಅಗತ್ಯ ಅರಿವಾದದ್ದು ಈದ್ ಕಳೆದ ಮೇಲೆ. ರಂಜಾನಿನಲ್ಲಿ ಊರೇ ನಮಗಾಗಿ ಸಮಯ ಕಾಯುತ್ತದೆ. ಸಹರಿಗೆ, ಅಂದರೆ ಬೆಳಗಿನ ಜಾವದ ಊಟಕ್ಕೆ, ಯಾರಾದರೂ ಎಬ್ಬಿಸುತ್ತಾರೆ, ಇಫ್ತಾರ್‌ಗೆ ಸೈರನ್ ಕೂಗುತ್ತದೆ, ರಾತ್ರಿಯ ತರಾವೀಹ್ ನಮಾಜಿಗೆ ಪಕ್ಕದ ಮನೆಯವರು ಕರೆಯುತ್ತಾರೆ. ಮುಂಜಾವಿನ ಫಜರ್ ನಮಾಜಿಗೆ ತಡವಾಗಿ ಹೋದರೆ ಮಸೀದಿಯ ಒಳಗೆ ಜಾಗವಿಲ್ಲ. ಮಾರ್ಚ್ 31ರಂದು ಈದ್ ಆಯಿತು. ಮಾರನೆಯ ದಿನ ಫಜರ್‌ಗೆ ಹೋದಾಗ ಒಂದೂವರೆ ಸಾಲು ಜನ. ಇಮಾಮ್ ಸಾಹೇಬರ ದನಿ ಖಾಲಿ ಗೋಡೆಗೆ ತಾಗಿ ಮರಳುತ್ತಿತ್ತು. ನನಗೆ ಗಂಟಲು ಕಟ್ಟಿತು. ಶವ್ವಾಲ್ ನಾಲ್ಕು ಮತ್ತು ಐದರಂದು ನನ್ನ ಅಸರ್ ಕೂಡ ಸೂರ್ಯಾಸ್ತದ ಮಗ್ರಿಬ್‌ನ ಅಂಚಿಗೆ ಜಾರಿತು. ಮೊಬೈಲ್ ಕೂಗಿತ್ತು, ಬೆರಳು ಅದನ್ನು ಬಂದ್ ಮಾಡಿತ್ತು. 'ನಡುವಿನ ನಮಾಜ'ನ್ನು ಕಾಪಾಡಿಕೊಳ್ಳಿ ಎಂದು ಅಲ್‌ಬಕರಾ ಅಧ್ಯಾಯ ವಿಶೇಷವಾಗಿ ಹೇಳುತ್ತದೆ. ಅದು ಅಸರ್ ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಇಪ್ಪತ್ತೊಂಬತ್ತು ದಿನ ಒಮ್ಮೆಯೂ ತಪ್ಪದಿದ್ದದ್ದು ಐದೇ ದಿನದಲ್ಲಿ ಸಡಿಲವಾಗುತ್ತದೆ ಎಂದರೆ, ಆ ಇಪ್ಪತ್ತೊಂಬತ್ತು ದಿನ ನಿಂತದ್ದು ನನ್ನ ಕಾಲಿನ ಮೇಲೋ ಊರಿನ ಹೆಗಲಿನ ಮೇಲೋ? ಈ ಪ್ರಶ್ನೆ ನನ್ನನ್ನು ಮಾಳಿಗೆಗೆ ಹತ್ತಿಸಿತು. ನೆರಳು ಕೂಗುವುದಿಲ್ಲ. ನೋಡಬೇಕೆಂದರೆ ನಾನೇ ಎದ್ದು ಹೋಗಬೇಕು. ನನಗೆ ಬೇಕಾದದ್ದು ಅದೇ.

ಹೋಗಿ ನೋಡಿದರೆ ನೆರಳು ಇನ್ನೂ ಸುಳ್ಳು ಹೇಳುತ್ತಿತ್ತು.

ಕಾಡಿಸಿದ ದೋಷದ ಗುಣ ಹೀಗಿತ್ತು. ಮಾರ್ಚ್ 5ರ ಸುಮಾರಿಗೆ, ಸಮಯ ಸಮೀಕರಣದ (ಸೂರ್ಯನ ಸಮಯಕ್ಕೂ ಗಡಿಯಾರದ ಸಮಯಕ್ಕೂ ದಿನದಿಂದ ದಿನಕ್ಕೆ ಬದಲಾಗುವ ಅಂತರದ) ತಿದ್ದುಪಡಿ ಸೇರಿಸಿದ ಮೇಲೆಯೂ ನಡುಹಗಲು ಹನ್ನೊಂದು ನಿಮಿಷ ತಪ್ಪಿತ್ತು. ಏಪ್ರಿಲ್ 10ಕ್ಕೆ ಆ ತಪ್ಪು ಐದು ನಿಮಿಷಕ್ಕೂ ಕಡಿಮೆ. ನಾನು ಏನನ್ನೂ ಮುಟ್ಟಿರಲಿಲ್ಲ. ತಾನಾಗಿಯೇ ಕರಗುವ ತಪ್ಪಿನಷ್ಟು ದಿಕ್ಕು ತಪ್ಪಿಸುವುದು ಬೇರೊಂದಿಲ್ಲ. ಅದೇ ಐದು ವಾರಗಳಲ್ಲಿ ಸಮಯ ಸಮೀಕರಣವೂ ಹನ್ನೆರಡು ನಿಮಿಷದ ಹತ್ತಿರದಿಂದ ಸೊನ್ನೆಯ ಕಡೆಗೆ ಇಳಿಯುತ್ತದೆ. ಹಾಗಾಗಿ ನನ್ನ ಕೋಷ್ಟಕದಲ್ಲಿಯೇ ಧನ ಋಣ ಅದಲುಬದಲಾಗಿದೆ ಎಂದು ನಾಲ್ಕು ರಾತ್ರಿ ಮತ್ತೆ ಮತ್ತೆ ಲೆಕ್ಕ ಮಾಡಿದೆ. ಕೋಷ್ಟಕ ಸರಿಯಾಗಿಯೇ ಇತ್ತು.

ಆಮೇಲೆ ಶಂಕುವಿನ ಮೇಲೆ ಅನುಮಾನ. ಉತ್ತರದ ಗೆರೆಯನ್ನು ದಿಕ್ಸೂಚಿ ನೋಡಿ ಎಳೆದಿದ್ದೆ, ಶಂಕುವಿನಲ್ಲಿ ಕಬ್ಬಿಣವಿದ್ದರೆ ಮುಳ್ಳು ದಿಕ್ಕು ತಪ್ಪುತ್ತದೆ. ಹಿತ್ತಾಳೆ ಸಲಾಕೆ ಎಂದು ಹಿತ್ತಾಳೆಯ ಬೆಲೆ ತೆತ್ತು ತಂದದ್ದು. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಂಡಿತು! ಕಬ್ಬಿಣಕ್ಕೆ ಹಿತ್ತಾಳೆಯ ಹೊದಿಕೆ. ವಾಪಸು ಕೊಡಲು ಹೋದಾಗ ಅಂಗಡಿಯವರು, ಹೊಳೆಯುತ್ತಿದೆಯಲ್ಲ, ಇನ್ನೇನು ಬೇಕು ಎಂದರು. ಸೂರ್ಯನಿಗೆ ಹೊಳಪು ಬೇಡ, ದಿಕ್ಸೂಚಿಗೆ ಸತ್ಯ ಬೇಕು ಎಂದು ಹೇಳಿ ಬಂದೆ. ಸಲಾಕೆ ಖರೀದಿಸುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಹೋಗಿ.

ಅಯಸ್ಕಾಂತದ ಮಾತು ಬಂದದ್ದರಿಂದ ಮುಂದಿನ ಕೆಲಸದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಬೀದರಿನ ಬಿದ್ರಿ ಲೋಹ ಬಹುಪಾಲು ಸತು, ಸ್ವಲ್ಪ ತಾಮ್ರ. ದಿಕ್ಸೂಚಿಯ ಮುಳ್ಳು ಅದಕ್ಕೆ ಅಲುಗುವುದೇ ಇಲ್ಲ. ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿ ಕಾಯಿಸಿದಾಗ ಲೋಹ ಕಾಡಿಗೆಯಷ್ಟು ಕಪ್ಪಾಗುತ್ತದೆ, ಒಳಗೆ ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಂಗೈ ಅಗಲದ ಬಿದ್ರಿ ತಟ್ಟೆಯಲ್ಲಿ ಅಸರ್ ರೇಖೆಯನ್ನು ಬೆಳ್ಳಿ ತಂತಿಯಲ್ಲಿ ಕೂರಿಸಿದರೆ ಹೇಗಿರುತ್ತದೆ! ಪ್ರಯಾಣಕ್ಕೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಮಳೆಗಾಲದಲ್ಲಿ ನೆರಳಿನ ಕೆಲಸ ಹೇಗೂ ಇರುವುದಿಲ್ಲ. ಆಗ ಬೀದರಿಗೆ ಹೋಗಿ ಒಬ್ಬ ಕುಶಲಕರ್ಮಿಯ ಪಕ್ಕ ಕೂರುವ ಆಸೆ ಇದೆ.

ಸರಿ, ಶಂಕು ಬದಲಾಯಿತು. ಈ ಸಲ ಅಸಲಿ ಹಿತ್ತಾಳೆ. ಹೊಸ ಶಂಕುವಿನ ಪಕ್ಕ ದಿಕ್ಸೂಚಿ ಇಟ್ಟರೂ ಹಳೆಯ ಗೆರೆಯೇ ಉತ್ತರ ಎಂದಿತು. ತಪ್ಪು ಹಾಗೆಯೇ ಉಳಿಯಿತು. ಏಪ್ರಿಲ್ 11ರ ಸಂಜೆ ದಿಕ್ಸೂಚಿಯನ್ನು ಹಿಡಿದುಕೊಂಡೇ ಮಾಳಿಗೆಯ ಉದ್ದಕ್ಕೂ ನಡೆದೆ. ಹೆಜ್ಜೆ ಹೆಜ್ಜೆಗೆ ಮುಳ್ಳು ಅತ್ತಿತ್ತ ಹೊಯ್ದಾಡಿತು. ನೀರಿನ ಟ್ಯಾಂಕಿನ ಕಂಬದ ಹತ್ತಿರ ಪೂರ್ತಿ ತಿರುಗಿಕೊಂಡಿತು. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು! ಆರು ವಾರ ನಾನು ಉತ್ತರ ಎಂದು ನಂಬಿದ್ದು ಚಾವಣಿಯ ಸರಳುಗಳು ಎಳೆದ ದಿಕ್ಕನ್ನು.

ತಪ್ಪು ಕರಗಿದ್ದಕ್ಕೂ ಕಾರಣ ಸಿಕ್ಕಿತು. ಗೆರೆ ಏಳು ಡಿಗ್ರಿ ತಿರುಗಿತ್ತು. ಮಾರ್ಚ್ ಆರಂಭದಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ದೂರ ಇರುವಾಗ ನಡುಹಗಲಿನ ನೆರಳು ಏಳು ಡಿಗ್ರಿ ತಿರುಗಲು ಹನ್ನೊಂದು ನಿಮಿಷ ಬೇಕು. ಏಪ್ರಿಲಿನಲ್ಲಿ ಸೂರ್ಯ ನೆತ್ತಿಗೆ ಹತ್ತಿರ ಬಂದಾಗ ನೆರಳು ಅಷ್ಟನ್ನು ಐದು ನಿಮಿಷದೊಳಗೆ ತಿರುಗಿಬಿಡುತ್ತದೆ. ದೋಷ ಅಷ್ಟೇ ಇತ್ತು, ನನ್ನ ಗಡಿಯಾರದಲ್ಲಿ ಚಿಕ್ಕದಾಗಿ ಕಾಣುತ್ತಿತ್ತು.

ದಿಕ್ಸೂಚಿಯನ್ನು ಪೆಟ್ಟಿಗೆಗೆ ಹಾಕಿ ಹಳೆಯ ವಿಧಾನ ಹಿಡಿದೆ. ಮಟ್ಟ ಮಾಡಿದ ಪ್ಲೈವುಡ್ ಹಲಗೆಯ ನಡುವೆ ಒಂದು ಕಡ್ಡಿ, ಸುತ್ತ 30, 35, 40 ಸೆಂಟಿಮೀಟರ್ ತ್ರಿಜ್ಯದ ವೃತ್ತಗಳು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವಲ್ಲಿ ಒಂದು ಚುಕ್ಕೆ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ, ಅದಕ್ಕೆ ಲಂಬವಾಗಿ ಉತ್ತರ. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳ ಹನ್ನೆರಡು ಅಂಗುಲದ ಶಂಕುವಿನ ವಿಧಾನ ಇದು. ಅರಬ್ ಖಗೋಳಜ್ಞರು ಇದನ್ನು ಕಲಿತು 'ದಾಯಿರಾ ಹಿಂದಿಯ್ಯಾ', ಅಂದರೆ ಭಾರತದ ವೃತ್ತ ಎಂದೇ ಕರೆದರು. ನಮಾಜಿನ ಸಮಯ ವಿವರಿಸುವ ಫಿಕ್ಹ್ (ಇಸ್ಲಾಮಿ ಧರ್ಮಶಾಸ್ತ್ರ) ಗ್ರಂಥಗಳಲ್ಲಿ ಆ ಹೆಸರು ಇಂದಿಗೂ ಇದೆ. ಇಲ್ಲಿಂದ ಹೊರಟ ವಿದ್ಯೆ ನಮಾಜಿನ ಜೊತೆಗೂಡಿ ನನ್ನ ಮಾಳಿಗೆಗೆ ಮರಳಿತು ಎಂದು ಎಣಿಸಿಕೊಂಡಾಗ ಮೈ ಜುಂ ಎಂದಿತು. ಇದೇ ಕಲಬುರಗಿಯಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಖಗೋಳಜ್ಞ ತೀರಿಕೊಂಡ ಕಾರಣ ಅದು ಅರ್ಧಕ್ಕೇ ನಿಂತಿತು.

ವೃತ್ತಕ್ಕೆ ಆರಿಸಿಕೊಂಡ ದಿನಗಳು ಏಪ್ರಿಲ್ 12, 13, 14. ಶವ್ವಾಲಿನ 13, 14, 15, ಬೆಳದಿಂಗಳ ಮೂರು ರೋಜಾಗಳ ದಿನ. ರಂಜಾನಿನ ಉಪವಾಸದ ಹಿಂದೆ ಶವ್ವಾಲಿನ ಆರನ್ನು ಸೇರಿಸಿದವನು ವರ್ಷವಿಡೀ ಉಪವಾಸ ಇದ್ದಂತೆ ಎಂಬ ಹದೀಸ್ (ಪ್ರವಾದಿಯ ನುಡಿ) ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಒಂದಕ್ಕೆ ಹತ್ತರ ಪ್ರತಿಫಲ, ಮೂವತ್ತಾರಕ್ಕೆ ಮುನ್ನೂರ ಅರವತ್ತು. ಎರಡು ಗುರುವಾರ, ಒಂದು ಸೋಮವಾರ ಮೊದಲೇ ಆಗಿತ್ತು. ಇವು ಮೂರು ಸೇರಿ ಆರಾದವು. ಒಬ್ಬನೇ ಎದ್ದು ಸಹರಿ ಮಾಡುವುದಕ್ಕೆ ಬೇರೆಯದೇ ಸ್ವಾದ ಇದೆ. ಬೀದಿಯಲ್ಲಿ ದೀಪವಿಲ್ಲ, ಪಾತ್ರೆಯ ಸದ್ದಿಲ್ಲ, ನಾನು ರೋಜಾ ಇದ್ದೇನೆಂದು ತಿಳಿದಿರುವವರು ಅಲ್ಲಾಹ್ ಮತ್ತು ನನ್ನ ತಾಯಿ. ಈ ಬಿಸಿಲಿನಲ್ಲಿ ಬಾಯಾರಿದ ಬಾಯಿಯಲ್ಲಿ ಚುಕ್ಕೆ ಇಡುವಾಗ ಅಲ್‌ಫುರ್ಕಾನ್ ಅಧ್ಯಾಯದ ಮಾತು ನಾಲಿಗೆಯ ಮೇಲಿತ್ತು: ನಿನ್ನ ಒಡೆಯ ನೆರಳನ್ನು ಹೇಗೆ ಚಾಚಿದನೆಂದು ನೋಡಲಿಲ್ಲವೇ, ಸೂರ್ಯನನ್ನು ಅದಕ್ಕೆ ದಾರಿ ತೋರುವವನನ್ನಾಗಿ ಮಾಡಿದ. ಎಷ್ಟೋ ಸಲ ಓದಿದ್ದೆ. ಮಂಡಿಯೂರಿ ಕೂತು ನೆರಳು ನೋಡುತ್ತಾ ಹೇಳಿಕೊಂಡದ್ದು ಇದೇ ಮೊದಲು.

ಅಲ್ಲಾಹನಿಗೆ ಹೆಚ್ಚು ಇಷ್ಟವಾದ ಕೆಲಸ, ಕಿರಿದಾದರೂ ಬಿಡದೆ ಮಾಡುವಂಥದ್ದು ಎಂದು ಹಜರತ್ ಆಯಿಷಾ ಅವರ ಹದೀಸ್ ಹೇಳುತ್ತದೆ. ತರಾವೀಹ್‌ನ ಇಪ್ಪತ್ತು ರಕಅತ್‌ಗಳನ್ನು (ನಮಾಜಿನ ಸುತ್ತುಗಳನ್ನು) ವರ್ಷವಿಡೀ ಹೊರುವ ಶಕ್ತಿ ನನಗಿಲ್ಲ. ನೋಟ್‌ಬುಕ್ಕಿನಲ್ಲಿ ಮೂರೇ ಅಂಕಣ ಹಾಕಿಕೊಂಡಿದ್ದೇನೆ: ನಡುಹಗಲಿನ ತಪ್ಪು, ಅಸರ್‌ಗೆ ಮೊದಲು ಮಾಳಿಗೆ ಹತ್ತಿದೆನೇ, ನಮಾಜಿನ ನಂತರ ಕುರ್‌ಆನಿನ ಎರಡು ಪುಟ. ಶವ್ವಾಲ್ ಆರರಿಂದ ಎರಡನೆಯ ಅಂಕಣದಲ್ಲಿ ಖಾಲಿ ಜಾಗವಿಲ್ಲ. ನೆರಳು ತಪ್ಪು ತೋರಿಸುತ್ತಿದ್ದ ದಿನಗಳಲ್ಲಿಯೂ ಹತ್ತಿದ್ದೇನೆ.

ಏಪ್ರಿಲ್ 15ರ ಸುಮಾರಿಗೆ ಸಮಯ ಸಮೀಕರಣ ಸೊನ್ನೆ. ಗಡಿಯಾರಕ್ಕೂ ನೆರಳಿಗೂ ಉಳಿಯುವುದು ರೇಖಾಂಶದ (ದೇಶದ ಗಡಿಯಾರದ ರೇಖೆಗಿಂತ ನಮ್ಮ ಊರು ಪಶ್ಚಿಮಕ್ಕಿರುವುದರ) 22 ನಿಮಿಷ 40 ಸೆಕೆಂಡು ಮಾತ್ರ. ಅದಕ್ಕೇ ಪರೀಕ್ಷೆಯನ್ನು ಇವತ್ತಿಗೆ ಇಟ್ಟುಕೊಂಡೆ. ನಡುಹಗಲು ಗೆದ್ದ ಮೇಲೆ ಅಸರ್ ಉಳಿದಿತ್ತು. ಲೆಕ್ಕ ಹೇಳಿದ್ದು 4 ಗಂಟೆ 49 ನಿಮಿಷ, ನೆರಳಿನ ಉದ್ದ 64 ಸೆಂಟಿಮೀಟರ್. ಅಮ್ಮಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಚಿತ್ತಾಪುರದ ಹಳ್ಳಿಯಲ್ಲಿ ಅವರು ಬೇವಿನ ಮರದ ನೆರಳು ಬಾವಿಯ ಕಟ್ಟೆ ಮುಟ್ಟಿದರೆ ಅಸರ್‌ಗೆ ಕೈಕಾಲು ಮುಖ ತೊಳೆದು ವಜೂ ಮಾಡುತ್ತಿದ್ದವರು. ಇಬ್ಬರೂ ಕಲ್ಲಿನ ಪಕ್ಕ ಕೂತೆವು. ತುದಿ ರೇಖೆಗೆ ಬೆರಳಷ್ಟು ದೂರ ಇರುವಾಗಲೇ ಅವರು, ಆಯಿತು, ಏಳು ಎಂದರು. ನಾನು ಗಡಿಯಾರ ನೋಡಲಿಲ್ಲ. ನಮಾಜ್ ಹಾಸು ಬಿಚ್ಚುವಷ್ಟರಲ್ಲಿ ತುದಿ ರೇಖೆ ದಾಟಿತ್ತು.

ಮುಂದಿನ ದಾಖಲೆ ಮೇ 28ಕ್ಕೆ. ಆ ದಿನ ನಮ್ಮ ಗಡಿಯಾರದ 2 ಗಂಟೆ 48 ನಿಮಿಷಕ್ಕೆ ಸೂರ್ಯ ಕಾಬಾದ ನೇರ ಮೇಲಿರುತ್ತಾನೆ. ಆ ಕ್ಷಣದ ನೆರಳಿಗೆ ಎದುರು ದಿಕ್ಕೇ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು. ಲೆಕ್ಕದಂತೆ ಅದು ಇಲ್ಲಿ ಪಶ್ಚಿಮದಿಂದ ಉತ್ತರಕ್ಕೆ ಹದಿಮೂರು ಡಿಗ್ರಿ. ಅದಕ್ಕೂ ಮೊದಲು, ಮೇ 9–10ರ ಸುಮಾರಿಗೆ ನಡುಹಗಲಿನಲ್ಲಿ ನಮ್ಮ ಊರಿನ ಶಂಕುವಿಗೆ ನೆರಳೇ ಇರುವುದಿಲ್ಲ. ಮೋಡ ಇರದಿದ್ದರೆ ಅಮ್ಮಿಗೆ ಅದನ್ನೂ ತೋರಿಸಬೇಕು. ಮೆಟ್ಟಿಲಿಗೆ ಹಿಡಿಕೆ ಹಾಕಿಸುವುದು ಬಾಕಿ ಇದೆ.